ಕುಲುಮೆಯ ತಣ್ಣೀರು

ಯಲ್ಲಾಪುರ
೧೪-೯-೧೯೬೨

ದಾಸನಕೊಪ್ಪದ ಕಮ್ಮಾರ ಮಾನಪ್ಪನವರ ಪಾದಗಳಿಗೆ ಶಿಷ್ಯ ಕೆರಿಯಪ್ಪನ ನಮಸ್ಕಾರ.

ಹುಡುಗರಿಗೆ ಕಸುಬು ಕಲಿಸಲು ಸರಕಾರದವರು ಇಲ್ಲಿ ತೆರೆದ ಕುಲುಮೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿದ್ದು ನಿಮ್ಮ ಚೀಟಿಯಿಂದ. ‘ಆರು ವರ್ಷ ನನ್ನ ಹತ್ತಿರ ಇದ್ದ, ಎಲ್ಲ ಬಲ್ಲ’ ಎಂದು ಬರೆಸಿಕೊಟ್ಟಿರಿ. ಉಪಕಾರವಾಯಿತು.

ಈ ವರ್ಷ ಹುಡುಗರು ಎಂಟರಿಂದ ಇಪ್ಪತ್ತಾಗಿದ್ದಾರೆ. ತಿದಿ ಒತ್ತುವುದು, ಕಬ್ಬಿಣ ಬಡಿಯುವುದು, ಹಿಡಿ ಕೂರಿಸುವುದು ಎಲ್ಲ ಕಲಿಸಿದೆ. ಅವರು ಮಾಡಿದ ಕತ್ತಿಗಳು ನೋಡಲು ಚೆನ್ನಾಗಿವೆ. ಆದರೆ ಹಸಿ ಬಿದಿರಿಗೆ ಹಾಕಿದರೆ ಬಾಯಿ ಮಡಚಿಕೊಳ್ಳುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಕಾದ ಕತ್ತಿ ಯಾವ ಬಣ್ಣಕ್ಕೆ ಬಂದಾಗ ನೀರಿಗೆ ಅದ್ದಬೇಕು ಎಂಬ ಹದವನ್ನು ನಾನು ಕಂಡೇ ಇಲ್ಲ. ಆ ಹೊತ್ತಿಗೆ ಸರಿಯಾಗಿ ನೀವು, “ಕೆರಿಯಾ, ಬಾವ್ಯಾಗಿಂದ ತಣ್ಣೀರು ತಗೊಂಡ್ ಬಾ” ಅನ್ನುತ್ತಿದ್ದಿರಿ. ನಾನು ತರುವಷ್ಟರಲ್ಲಿ ನೀವು ತೊಟ್ಟಿಯಲ್ಲಿದ್ದ ನೀರಿಗೇ ಅದ್ದಿ, ಕತ್ತಿ ಆರಿರುತ್ತಿತ್ತು. ಹೊರಗಿನವನಿಗೆ ಹದ ತೋರಿಸಬಾರದೆಂಬುದು ನಿಮ್ಮ ಮನೆಯ ಪದ್ಧತಿ ಇರಬಹುದೆಂದು ಸುಮ್ಮನಿದ್ದೆ.

ಹೋದ ವಾರ ನಿಮ್ಮ ಮಗಳ ಮಗ ಈರಣ್ಣ ಇಲ್ಲಿ ಸೇರಿದ. ಮೂರು ವರ್ಷ ನಿಮ್ಮ ಕುಲುಮೆಯಲ್ಲಿ ಇದ್ದವನು, ಹದ ಬಲ್ಲನೆಂದು ಕೆಂಪಗೆ ಕಾದ ಕತ್ತಿಯನ್ನು ಇಕ್ಕಳದ ಸಮೇತ ಅವನ ಕೈಗೇ ಕೊಟ್ಟೆ. ಅವನು ತಲೆ ತಗ್ಗಿಸಿದ.

“ನನಗ ಗೊತ್ತಿಲ್ರಿ ಮಾಸ್ತರ್. ಆ ಹೊತ್ನ್ಯಾಗ ಅಜ್ಜ ನನ್ನ ನೀರಿಗೆ ಕಳಸ್ತಿದ್ದ.”

ಮಗಳ ಮಗನೂ ಹೊರಗಿನವನೇ ಎಂದು ನನಗೆ ತಿಳಿದಿರಲಿಲ್ಲ.

ಒಂದು ದಿನದ ಮಟ್ಟಿಗೆ ಬಂದು ತೋರಿಸಿ ಹೋಗಬೇಕು. ಬಸ್ಸಿನ ಖರ್ಚು ನನ್ನದು. ನೀರು ಮೊದಲೇ ತುಂಬಿಸಿಟ್ಟಿರುತ್ತೇನೆ.

ಇತಿ, ನಿಮ್ಮಲ್ಲಿ ಆರು ವರ್ಷ ನೀರು ಹೊತ್ತ
ಕೆರಿಯಪ್ಪ