ಮೊಳಕೈ ಮೇಲಿನ ತಂಗಡಿ ಹೂ

ಝರಾಸಂಗಂ, ಅವ್ವನ ಪಡಸಾಲೆ
ಮಧ್ಯಾಹ್ನ, ಉಂಡ ಮೇಲೆ

ನನ್ನ ಶಿರೀಷಾ ವೈನಿಗೆ, ನಿನ್ನ ಬಾಯಿಬಡಕಿ ನಾದಿನಿ ಭವಾನಿಯ ಶರಣು.

ಇಷ್ಟುದ್ದ ಬರೆಯುವ ಬದಲು ಫೋನ್ ಮಾಡಬಾರದಿತ್ತೇ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನಾವು ಮಾತಾಡುವ ಚಂದ ನಿನಗೇ ಗೊತ್ತು. ನೀನು ಅಳುತ್ತೀ, ನಾನು ಬೈಯುತ್ತೇನೆ, ಅಷ್ಟರಲ್ಲಿ ಯಾರೋ ಬ್ಲೌಸಿನ ಅಳತೆ ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಈಗ ನಾರಾಯಣಖೇಡದ ನನ್ನ ಟೇಲರಿಂಗ್ ಅಂಗಡಿಗೆ ಬೀಗ ಹಾಕಿ ಬಂದು ಅವ್ವನ ಪಡಸಾಲೆಯಲ್ಲಿ ಕೂತಿದ್ದೇನೆ. ಹೊರಗೆ ಬೇವಿನ ನೆರಳಿನಲ್ಲಿ ಕುರಿಮರಿಗಳು ಒಂದರ ಮೇಲೊಂದು ಬಿದ್ದು ಮಲಗಿವೆ. ಗಾಳಿಯಲ್ಲಿ ಉಣ್ಣೆಯ ವಾಸನೆ, ಬಿಸಿಲಿನ ವಾಸನೆ. ನನಗೂ ಕಣ್ಣು ಎಳೆಯುತ್ತಿವೆ. ಅರ್ಧ ನಿದ್ದೆಯಲ್ಲಿ ಬರೆದದ್ದೆಂದು ತಪ್ಪೇನಿದ್ದರೂ ಹೊಟ್ಟೆಗೆ ಹಾಕಿಕೋ.

ಸೋಮವಾರ ಯಾಲಾಲಿನಲ್ಲಿ ನಿನಗೂ ಮೌನೇಶನಿಗೂ ಮದುವೆ. ಕುರಿ ಕಾಯುವ, ತೊಗರಿ ಬೆಳೆಯುವ, ಹೆಸರಿಗೆ ತಕ್ಕಂತೆ ತುಟಿ ಬಿಚ್ಚದ ಆ ಮನುಷ್ಯನ ಮನೆ ತುಂಬಲು ನೀನು ಹೋಗುತ್ತೀ. ಈ ಮನೆಯಿಂದ ತಾಂಡೂರಿನ ನಿನ್ನ ಅಪ್ಪನ ಮನೆಗೆ ಹೊರಟ ದಿನ ನೀನು ಅವ್ವನನ್ನು ಕೇಳಿದ್ದು ಒಂದೇ ಒಂದು, ತೀರಿಹೋದ ನನ್ನ ಅಣ್ಣನ ನೀಲಿ ಚೌಕಡಿ ಅಂಗಿ. ಅವ್ವ ಕೊಡಲಿಲ್ಲ. "ನಾ ಸತ್ತ ಮ್ಯಾಲ ಒಯ್ಯಿ" ಎಂದಳು. ಮದುವೆಗೂ ಬರುವುದಿಲ್ಲ ಎಂದಳು. ನೀನು ತಲೆ ತಗ್ಗಿಸಿ ಜಹೀರಾಬಾದಿನ ಬಸ್ ಹತ್ತಿದೆ. 'ಅತ್ತೆ ನನಗೆ ಶಾಪ ಹಾಕಿ ಕಳಿಸಿದಳು' ಎಂಬ ಮಾತು ಅವತ್ತಿನಿಂದ ನಿನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಅದು ನನಗೆ ಗೊತ್ತು. ಅದಕ್ಕೇ ಈ ಪತ್ರ.

ಬರೆಯಲು ಕೂತರೆ ನೀನು ಹೊಸದಾಗಿ ಬಂದ ದಿನಗಳೇ ಕಣ್ಣ ಮುಂದೆ ಬರುತ್ತವೆ. ನಿನ್ನ ಕನ್ನಡವೋ, ದೇವರೇ! ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಚೂರು ಉರ್ದು. ಅಣ್ಣನ ಇದೇ ಅಂಗಿ ಜಾಲಿಮುಳ್ಳಿಗೆ ಸಿಕ್ಕು ಮೊಳಕೈಯಲ್ಲಿ ಹರಿದಿತ್ತು. ನೀನು ಒಳ್ಳೆಯ ಸೊಸೆ ಎನಿಸಿಕೊಳ್ಳಬೇಕೆಂದು ಸೂಜಿ ಹಿಡಿದು ಅವ್ವನ ಮುಂದೆ ನಿಂತೆ. "ಅತ್ತಿ, ನಿಮ್ಮ ಮಗಗ ಅಂಗಿ ಬಿಚ್ಚಾಕ ಹೇಳ್ರಿ, ನಾ ಕುಟ್ತೀನಿ" ಎಂದೆ. ಹೊಲಿಯುವುದಕ್ಕೆ ನಿಮ್ಮ ತೆಲುಗಿನಲ್ಲಿ ಕುಟ್ಟುವುದು ಎನ್ನುತ್ತಾರೆ ಅಂತ ಅವ್ವನಿಗೆ ಗೊತ್ತಿಲ್ಲವೇ? ಸಂತೆಯಲ್ಲಿ ಆಕೆ ತೆಲುಗನ್ನು ನೀರು ಕುಡಿದಂತೆ ಆಡುತ್ತಾಳೆ. ಆದರೆ ಮನೆಯ ಹೊಸ್ತಿಲು ದಾಟಿದರೆ ಅವಳ ಕಿವಿಗೆ ಕನ್ನಡ ಬಿಟ್ಟು ಬೇರೆ ಕೇಳಿಸುವುದಿಲ್ಲ. "ಬಂದು ಎಂಟ್ ದಿನ ಆಗಿಲ್ಲ, ಗಂಡನ ಅಂಗಿ ಬಿಚ್ಚಿಸಿ ಕುಟ್ತಾಳಂತ ಈಕಿ! ಎಂಥಾಕಿನ್ನ ತಂದ್ರೋ!" ಎಂದು ಬೀದಿಗೆ ಕೇಳುವಂತೆ ಕೂಗಿದಳು. ಅಣ್ಣ ನಿಜವಾಗಿಯೂ ಅಂಗಿ ಬಿಚ್ಚಿ, ಬೆನ್ನು ಬಗ್ಗಿಸಿ, "ಕುಟ್ಟವ್ವಾ, ಎಲ್ಲಿ ಕುಟ್ತಿ ಕುಟ್ಟು" ಎಂದು ನಿಂತ. ನೀನು ಕಣ್ಣಲ್ಲಿ ನೀರು ತುಂಬಿಕೊಂಡು ಸೂಜಿ ತೋರಿಸಿದೆ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತೆ. ಆಮೇಲೆ ಈ ಮನೆಯಲ್ಲಿ ಯಾರೂ ಬಟ್ಟೆ ಹೊಲಿಯಲಿಲ್ಲ, ಕುಟ್ಟಿದರು. ನನ್ನ ಅಂಗಡಿಯಲ್ಲಿ ಈಗಲೂ ಒಮ್ಮೊಮ್ಮೆ ಬಾಯಿ ತಪ್ಪಿ "ನಾಳಿಗಿ ಕುಟ್ಟಿ ಕೊಡ್ತೀನ್ರಿ" ಎನ್ನುತ್ತೇನೆ, ಬೀದರ್ ಕಡೆಯವರು ಗಾಬರಿಯಾಗುತ್ತಾರೆ.

ಆದರೆ ನಿಜವಾದ ಜಗಳ ಹತ್ತಿದ್ದು ನೀನು ಕುಟ್ಟಿ ಮುಗಿಸಿದ ಮೇಲೆ. ಅವ್ವನ ತೇಪೆ ಯಾರಿಗೂ ಕಾಣುವುದಿಲ್ಲ. ಅದೇ ಬಣ್ಣದ ದಾರ ಹುಡುಕಿ ಒಳಗಿನಿಂದ ಹೊಲಿಗೆ ಹಾಕುತ್ತಾಳೆ, ಹರಿದಿತ್ತೆಂದು ಬಟ್ಟೆಗೂ ಗೊತ್ತಾಗಬಾರದು ಹಾಗೆ. ನೀನು ನೋಡಿದರೆ ಹಳದಿ ದಾರ ತಂದು ಹರಕಿನ ಸುತ್ತ ಎಸಳು ಎಳೆದು ತಂಗಡಿ ಹೂ ಅರಳಿಸಿಬಿಟ್ಟೆ. ನೀಲಿ ಅಂಗಿಯ ಮೊಳಕೈಯಲ್ಲಿ ಹಳದಿ ಹೂ! "ಹರಕ ಮುಚ್ಚೂದು ಬಿಟ್ಟು ಡಂಗುರ ಹೊಡದ್ಯಲ್ಲ! ಮಂದಿ ಏನಂದಾರು?" ಎಂದು ಅವ್ವ ಎರಡು ದಿನ ನಿನ್ನ ಕೈಯ ಚಹಾ ಕುಡಿಯಲಿಲ್ಲ. ನೀನು ಹೆದರಿದರೂ ದಾರ ಬಿಚ್ಚಲಿಲ್ಲ. "ಹರದದ್ದು ಖರೇ ಅದ, ಹೊಲದದ್ದೂ ಖರೇ ಅದ. ಎರಡೂ ಕಾಣಲಿ ಅತ್ತಿ" ಎಂದು ಮೆಲ್ಲಗೆ ಹೇಳಿದೆ. ಅಣ್ಣನಿಗೋ ಆ ಅಂಗಿ ಬಿಟ್ಟರೆ ಬೇರೆ ಅಂಗಿಯೇ ಬೇಡವಾಯಿತು. ಜಹೀರಾಬಾದಿನ ಸಂತೆಗೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದ. "ಏನೋ ವೈಜಿನಾಥ, ಮೊಳಕೈಗೆ ಹೂ ಬಿಟ್ಟಾವಲ್ಲೋ" ಎಂದು ಯಾರಾದರೂ ಅಂದರೆ ತೋಳು ಮುಂದೆ ಚಾಚಿ, "ಮನ್ಯಾಗ ಬೆಳಸಾಕಿ ಒಬ್ಬಾಕಿ ಬಂದಾಳ್ರಿ" ಎನ್ನುತ್ತಿದ್ದ. ಎಷ್ಟು ಚಂದ ಬಾಳಿದಿರಿ ವೈನಿ ನೀವಿಬ್ಬರೂ. ಈಗ ನೆನೆದರೆ ಯಾರದೋ ಕನಸಿನಲ್ಲಿ ನಾನು ಹೊಕ್ಕು ಬಂದಂತೆ ಅನಿಸುತ್ತದೆ.

ಕೊಹೀರಿನ ಹತ್ತಿರ ಹೈವೇ ಮೇಲೆ ಅವನ ಗಾಡಿ ಜಾರಿದ್ದನ್ನು ನಾನು ಬರೆಯುವುದಿಲ್ಲ.

ಆಮೇಲೆ ಅವ್ವ ಆ ಅಂಗಿಯನ್ನು ಟ್ರಂಕಿಗೆ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ನಿನ್ನನ್ನು ಮತ್ತೆ ಮದುವೆಯಾಗು ಎಂದು ಮೊದಲು ಹೇಳಿದ್ದೂ ಅವ್ವನೇ, ಮರೆಯಬೇಡ. "ಹರೇದಾಕಿ, ನನ್ನಂಗ ಗ್ವಾಡಿ ನೋಡ್ಕೋತ ಕುಂದ್ರಬ್ಯಾಡ" ಎಂದು ಹಗಲೆಲ್ಲ ನಿನ್ನ ಬೆನ್ನು ಹತ್ತಿದಳು. ನೀನು ಹೂಂ ಎಂದ ದಿನದಿಂದ ಮುಖ ತಿರುವಿಕೊಂಡಳು. ಇದೆಂಥ ನ್ಯಾಯ ಎಂದು ನನಗೂ ಸಿಟ್ಟು ಬಂದಿತ್ತು. ಬಾಯಿಗೆ ಬಂದಂತೆ ಅಂದೂಬಿಟ್ಟೆ. ಅವ್ವ ತೊಗರಿ ಹಸನು ಮಾಡುತ್ತಿದ್ದ ಮೊರ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

ನಿನಗೆ ಮದುವೆಗೆ ಏನು ಕೊಡಲಿ ಎಂದು ಯೋಚಿಸಿದಾಗ ಜಹೀರಾಬಾದಿನ ಅಂಗಡಿಗಳಲ್ಲಿ ಗುಲಾಬಿ ಹೂವಿನ ದಪ್ಪ ಬ್ಲಾಂಕೆಟ್ ನೋಡಿದೆ. ಜಿಪ್ಪಿನ ಚೀಲದಲ್ಲಿ ಮಿರಮಿರ ಮಿಂಚುತ್ತಿದ್ದವು. ಮುಟ್ಟಿದರೆ ಬೆಣ್ಣೆ. ಆದರೆ ಅದರಲ್ಲಿ ನಮ್ಮವರು ಯಾರಿದ್ದಾರೆ? ಬಿಟ್ಟು ಬಂದು ಕೌದಿ ಹಾಕಲು ಕೂತೆ. ಅವ್ವನ ಹಳೆಯ ಇಳಕಲ್ ಸೀರೆ ಅಡಿಯ ಪದರಕ್ಕೆ. ಅದರ ಮೇಲೆ ನನ್ನ ಕಾಲೇಜಿನ ಚೂಡಿದಾರದ ಓಢಣಿ, ಬತುಕಮ್ಮ ಹಬ್ಬಕ್ಕೆ ನೀನು ಉಟ್ಟು ಉಟ್ಟು ಹಿಂಜಿದ ಹಸಿರು ಸೀರೆ, ಅಪ್ಪನ ಧೋತರದ ಅಂಚು, ಯಾವ ಕಾಲದ್ದೋ ಒಂದು ಕೆಂಪು ಲಂಗ. ಬಿಸಿಲಿಗೆ ಹರವಿದ ಮೇಲೆ ಅವೆಲ್ಲ ಒಂದನ್ನೊಂದು ಗುರುತು ಹಿಡಿದು ಮಾತಾಡಿಕೊಳ್ಳುತ್ತಿವೆ ಎನಿಸಿತು. ಹಳೆಯ ಅರಿವೆಯಲ್ಲಿ ಅದೇನೋ ಒಂದು ಸಮಾಧಾನ ಇರುತ್ತದೆ ವೈನಿ. ಎಷ್ಟೋ ಸಲ ಒಗೆಸಿಕೊಂಡು, ಎಷ್ಟೋ ಮೈಗೆ ಹತ್ತಿ, ಗಂಜಿಯ ಸೊಕ್ಕೆಲ್ಲ ಇಳಿದಿರುತ್ತದೆ.

ಮಿಷನ್ನಿಗೆ ಒಗ್ಗಿದ ನನ್ನ ಕೈಗೆ ದೊಡ್ಡ ಸೂಜಿ ಮಾತು ಕೇಳಲಿಲ್ಲ. ಹೊಲಿಗೆ ಸೊಟ್ಟಸೊಟ್ಟ ಓಡಿತು. ಗೋಡೆಗೆ ಮುಖ ಮಾಡಿ ಕೂತಿದ್ದ ಅವ್ವ ಎಷ್ಟು ಹೊತ್ತು ತಡೆದಾಳು? "ಇದೇನ್ ಹೊಲಿಗಿ ಏನ್ ಹಾವು ಹರದದ?" ಎನ್ನುತ್ತ ಬಂದು ಎದುರಿಗೆ ಕೂತಳು. ನಿನ್ನ ಹೆಸರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಈ ಅಂಚಿನಿಂದ ಅವಳು, ಆ ಅಂಚಿನಿಂದ ನಾನು, ನಡುವಿಗೆ ಹೊಲಿಯುತ್ತ ಬಂದೆವು. ಅವ್ವ ಕಣದಲ್ಲಿ ರಾಶಿ ಮಾಡುವಾಗಿನ ಯಾವುದೋ ಹಂತಿಯ ಹಾಡು ಗುನುಗುತ್ತಿದ್ದಳು. ಸೂಜಿ ಮುಳುಗುವುದು, ಏಳುವುದು, ಮುಳುಗುವುದು, ಏಳುವುದು. ನೋಡುತ್ತ ನೋಡುತ್ತ ನಾನು ಆ ಅರ್ಧ ಕೌದಿಯ ಮೇಲೆಯೇ ನಿದ್ದೆ ಹೋದೆ.

ಕನಸಿನಲ್ಲಿ ಅಣ್ಣ ಬಂದ. ಎಲ್ಲಿ ನೋಡಿದರೂ ತುಂಡು ತುಂಡು ಬಣ್ಣದ ನೆಲ, ತೊಗರಿಯ ಹಸಿರು, ಎರೆಮಣ್ಣಿನ ಕಪ್ಪು, ಕೆಂಪು. ಅದರ ಮೇಲೆ ಸಪ್ಪಳವಿಲ್ಲದೆ ಕುರಿಗಳು ಹೋಗುತ್ತಿದ್ದವು. ಹಿಂದೆ ಅವನು. ನಾನು ಕೂಗಿದೆ, ಅವನು ತಿರುಗಿ ನಕ್ಕ. ನೀಲಿ ಚೌಕಡಿ ಅಂಗಿ ಹಾಕಿದ್ದ, ಹೊಸದು, ಇಸ್ತ್ರಿ ಮಾಡಿದ್ದು. ಅವನ ಜೊತೆ ಇನ್ನೂ ನಡೆಯಬೇಕು ಅನ್ನುವಷ್ಟರಲ್ಲಿ ಎಚ್ಚರವಾಯಿತು. ಕಣ್ಣಲ್ಲಿ ನೀರಿತ್ತು. ಅವ್ವನಿಗೆ ಹೇಳಿದೆ.

ಅವ್ವನ ಸೂಜಿ ನಿಂತಿತು. "ಮೊಳಕೈ ನೋಡಿದ್ಯಾ? ಹೂ ಇತ್ತಾ?" ಎಂದಳು.

ಸುಳ್ಳು ಹೇಳಲು ಮನಸ್ಸು ಬಂತು ವೈನಿ. ಹೇಳಲಿಲ್ಲ. "ಇಲ್ಲವ್ವಾ, ಎಲ್ಲಿಯೂ ಹರದಿರ್ಲಿಲ್ಲ" ಎಂದೆ.

"ಹಂಗಾರ ಅಂವ ನನ್ ಮಗ ಅಲ್ಲ ಬಿಡು. ಯಾವನೋ ಬ್ಯಾರೆಯಾವ. ಆ ಹೂ ಇಲ್ದ ನನ್ ಮಗನ ಅಂಗಿ ಹೆಂಗ್ ಆಗ್ತದ?" ಎಂದಳು. ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸಪ್ಪಳ ಕೇಳಿಸಿತು.

ಅಂಗಿ ತಂದು ತೊಡೆಯ ಮೇಲೆ ಇಟ್ಟುಕೊಂಡಳು. ಮೂಸಿದಳು. ನಾನು ಕತ್ತರಿ ಕೊಡಲು ಹೋದರೆ, "ಅವನ ಅಂಗಿಗಿ ಕತ್ರಿ ಮುಟ್ಟಸ್ಬ್ಯಾಡ, ಬಿಚ್ಚತೀನಿ" ಎಂದು ಸೂಜಿಯ ಮೊನೆಯಿಂದ ಭುಜದ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದಳು. ಹೂವಿದ್ದ ತೋಳು ಕಳಚಿ ಬಂತು. ಉಳಿದ ಅಂಗಿ ಒಂಟಿ ತೋಳಿನಲ್ಲಿ ಮತ್ತೆ ಟ್ರಂಕಿಗೆ ಹೋಯಿತು. ಅದು ಅವ್ವನ ಪಾಲು. ಕೇಳಬೇಡ.

ನನಗೆ ಅಂಜಿಕೆ ಹತ್ತಿತು. ಹೊಸ ಮನೆಗೆ ಹೋಗುವ ಕೌದಿ, ಮೊದಲ ಗಂಡನ ಅಂಗಿ. ಒಳಪದರಿಗೆ ಹಾಕೋಣ, ಯಾರಿಗೂ ಕಾಣದಂತೆ ನಿನ್ನ ಹತ್ತಿರ ಇರುತ್ತದೆ ಎಂದೆ. ಜೀವನಪೂರ್ತಿ ತೇಪೆ ಮುಚ್ಚಿದ ಅವ್ವ ನನ್ನನ್ನೇ ಗದರಿಸಿದಳು. "ಯಾಕ್ ಮುಚ್ಚಬೇಕು? ಆಕಿ ಕದ್ದಾಳೇನು? ಮ್ಯಾಲ ಹಾಕು. ಮೌನೇಶಗ ಕಣ್ಣ ಅದಾವ, ನೋಡ್ಲಿ. ನೋಡಿ ಹೊತ್ಕೊಂಡ್ರ ಅಂವ ಗಂಡಸು." ಹಳದಿ ದಾರವನ್ನೇ ಕೇಳಿ ಪಡೆದು ಸುತ್ತಲೂ ದಪ್ಪ ದಪ್ಪ ಹೊಲಿಗೆ ಹಾಕಿದಳು. ಹತ್ತು ಹೆಜ್ಜೆ ದೂರದಿಂದಲೂ ಕಾಣುತ್ತದೆ.

ಇನ್ನು ಉಳಿದದ್ದು ಕೌದಿಯ ಹೊಟ್ಟೆ. ನಮ್ಮ ಮನೆಯಲ್ಲಿ ಕೌದಿಯ ನಟ್ಟನಡುವೆ ಅಂಗೈಯಷ್ಟು ಜಾಗವನ್ನು ಕೊನೆಗೆ ಉಳಿಸಿ, ಒಂದು ಚೂರು ರೊಟ್ಟಿ ಇಟ್ಟು ಹೊಲಿದು, ಹೊಟ್ಟೆ ತುಂಬಿತು ಎನ್ನುವುದನ್ನು ನೀನೂ ನೋಡಿದ್ದೀ. ನಾನು ರೊಟ್ಟಿ ತರಲು ಎದ್ದೆ. ಅವ್ವ ಸೆರಗು ಹಿಡಿದು ಕೂರಿಸಿದಳು. ಆಗ ಅತ್ತಳು ನೋಡು ವೈನಿ. ಅಣ್ಣ ಹೋದಾಗಲೂ ಹಾಗೆ ಅತ್ತಿರಲಿಲ್ಲ. "ನಾ ಆಕಿ ಮದುವಿಗಿ ಬಂದು ಏನ್ ಮಾಡ್ಲಿ ಭವಾನಿ? ಹಿರೇರೆಲ್ಲ ಅಂದಾರ, ಎರಡ್ನೇ ಸಲದ ಉಡಿಕಿ ಮದುವಿಗಿ ಉಡಿ ತುಂಬಂಗಿಲ್ಲಂತ. ತುಂಬಿದ್ರೂ ಗಂಡ ಸತ್ತಾಕಿ ನಾ ಮುಟ್ಟಂಗಿಲ್ಲ. ಮಗಳ ಉಡಿ ಬರೀದ ಹೋಗೂದು ನೋಡ್ಕೋತ ನಾ ಮೂಲ್ಯಾಗ ಕುಂದರ್ಲಾ?"

ಮಗಳು ಎಂದಳು. ನಾನೇ ಕೇಳಿದೆ. ಮುಖ ತಿರುವಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ನಿನಗೆ ಶುಭ ಕೋರಲು ತನ್ನ ಕೈ ನಡೆಯುವುದಿಲ್ಲವೆಂಬ ನೋವಿಗೆ.

ಆಮೇಲೆ ಮೂಗು ಒರೆಸಿಕೊಂಡು ಅಡುಗೆಮನೆಗೆ ಹೋದಳು. ಮುಷ್ಟಿ ಅಕ್ಕಿ ತಂದಳು. ಅರಿಷಿಣದ ಕೊಂಬು, ಅಡಿಕೆ, ಉತ್ತತ್ತಿ, ಒಣಕೊಬ್ಬರಿಯ ಚೂರು ತಂದಳು. "ಕೌದಿ ಹೊಟ್ಟಿ ತುಂಬಾಕ ಯಾವ ಹಿರೇರ್ನ ಕೇಳ್ಬೇಕು?" ಎಂದು ಎಲ್ಲವನ್ನೂ ಆ ಜಾಗದಲ್ಲಿ ಇಟ್ಟು, ಮುತ್ತೈದೆಯರು ಹೇಳುವ ಮಾತನ್ನೇ ತುಟಿಯೊಳಗೆ ಹೇಳಿಕೊಳ್ಳುತ್ತ ತಾನೇ ಹೊಲಿದಳು. ನನಗೆ ಸೂಜಿ ಮುಟ್ಟಲು ಬಿಡಲಿಲ್ಲ.

ಈ ಪತ್ರದ ಜೊತೆ ಆ ಕೌದಿ ಇದೆ. ಸೋಮವಾರ ಸೀರೆ ಉಡಿಸಿ ನಿನ್ನನ್ನು ಕೂರಿಸಿದಾಗ ಇದನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೋ. ಯಾರಾದರೂ ಕೇಳಿದರೆ ಚಳಿ ಅನ್ನು. ನಡುವೆ ಕೈಯಾಡಿಸಿದರೆ ಗಟ್ಟಿಗಟ್ಟಿಯಾಗಿ ಸಿಗುತ್ತದೆ. ಅವ್ವ ನಿನಗೆ ಉಡಿ ತುಂಬಿದ್ದಾಳೆ, ವೈನಿ.

ಹಾಲುಂಡ ತವರಿನ ಹಾಗೆ ನಿನ್ನ ಮನೆ ತುಂಬಿ ತುಳುಕಲಿ. ಹೋಗಿ ಬಾ, ನಮ್ಮನೆ ಮಗಳೇ.

ಇಂತಿ,
ಇವತ್ತಿನಿಂದ ನಿನಗೆ ನಾದಿನಿಯಲ್ಲ, ತಂಗಿ,
ಭವಾನಿ