ಈಸಿಚೇರಿನ ಬೂಷ್ಟು

೯ ಜುಲೈ ೧೯೩೯, ಭಾನುವಾರ

ಇವತ್ತೂ ಒರೆಸಿದೆ. ಈಸಿಚೇರ್, ಬೆಂಚು, ಸಣ್ಣ ಮೇಜು — ಮೂರೂ. ನಿನ್ನೆ ಒರೆಸಿದ್ದ ಜಾಗದಲ್ಲೇ ಮತ್ತೆ ಬೂಷ್ಟು. ಕೈಹಿಡಿಯ ಕೆಳಗೆ ಹಸಿರು, ಪಟ್ಟಿಗಳ ಸಂದಿಯಲ್ಲಿ ಬೆಕ್ಕಿನ ತುಪ್ಪಳದ ಹಾಗೆ ಬಿಳಿ. ಒರೆಸುವಾಗ ಸೀನೋ ಸೀನು. ಹೊಳೆ ಪಕ್ಕದ ತೋಟ, ಮೇಲೆ ಮಾವಿನ ಮರದ ನೆರಳು. ಒಣಗುವುದೆಲ್ಲಿಂದ?

ಇವರು ಆ ಈಸಿಚೇರಿನ ಮೇಲೆಯೇ ದಿನವೆಲ್ಲ ಮಲಗಬೇಕು. ಮೇ ತಿಂಗಳ ಜ್ವರ ಬಿಟ್ಟರೂ ಕೆಮ್ಮು ಬಿಡಲಿಲ್ಲ. ಕ್ಷಯದ ಅನುಮಾನ, ತೆರೆದ ಗಾಳಿಯಲ್ಲಿರಲಿ ಅಂತ ಹಾಸನದ ಡಾಕ್ಟರ ಅಪ್ಪಣೆ. ಮಾವನವರು ಊರ ಮನೆ ಬಿಡಿಸಿ ಈ ತೋಟದ ಮನೆಗೆ ತಂದು ಹಾಕಿದರು. ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದು ಗಿರಾಕಿಗಳನ್ನು ನಗಿಸುತ್ತಿದ್ದವರು ಈಗ ಮರದ ಎಲೆ ನೋಡುತ್ತಾರೆ. ನಾನು ಊಟ ತಂದಿಟ್ಟು ಹಿಂದೆ ಸರಿಯಬೇಕು. "ದೂರ ನಿಂತ್ಕೊಂಡೇ ಮಾತಾಡೇ ನೀಲಾ, ನಿಂಗೂ ಅಂಟೀತು" ಎನ್ನುತ್ತಾರೆ ಅತ್ತೆ.

ದೂರ ನಿಂತು ಏನು ಮಾತಾಡುವುದು? ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಒರೆಸುತ್ತೇನೆ.

೧೩ ಜುಲೈ

ತೋಟ ನೋಡಿಕೊಳ್ಳುವ ಚನ್ನಪ್ಪನನ್ನು ಕೇಳಿದೆ. "ಎಣ್ಣೆ ಬಳ್ದುಬುಡಿ ಅಮ್ಮಾವ್ರೆ. ಮರ ಎಣ್ಣೆ ಕುಡುದ್ರೆ ಬೂಷ್ಟು ಅತ್ರುಕ್ಕೂ ಬರಾಕಿಲ್ಲ" ಎಂದ. ಭಾರೀ ಧೈರ್ಯದಿಂದ ಹೇಳಿದ. ಅಡಿಗೆಮನೆಯ ಹುಚ್ಚೆಳ್ಳೆಣ್ಣೆ ತಂದು ಇಬ್ಬರೂ ಸೇರಿ ಬಳಿದೆವು. ಮಿರಮಿರ ಮಿಂಚಿತು. ಸಂಜೆ ಮಳೆಗೆ ಹೆದರಿ ಗೋಣಿ ಹೊದಿಸಿದೆ.

ಇವರು ಬಾಗಿಲಲ್ಲಿ ನಿಂತು ನಕ್ಕರು. ನಗು ಕೆಮ್ಮಾಯಿತು.

೧೮ ಜುಲೈ, ಮಧ್ಯಾಹ್ನ

ಗೋಣಿ ತೆಗೆದರೆ... ಅಯ್ಯೋ. ಎಣ್ಣೆ ಬಳಿದ ಕಡೆಯೆಲ್ಲ ಬೂದಿ ಬಣ್ಣದ ಪದರ. ಮುಗ್ಗಲು ವಾಸನೆ. ಬೂಷ್ಟಿಗೇ ಹಬ್ಬದೂಟ ಹಾಕಿದಂತಾಗಿದೆ. ಚನ್ನಪ್ಪ ತಲೆ ಕೆರೆದುಕೊಂಡ. "ನಮ್ ಗಾಡಿಗೆ ಇಂಗಾಯ್ತಿರ್ನಿಲ್ಲ ಕಣ್ರವ್ವಾ." ಗಾಡಿ ಬಿಸಿಲಲ್ಲಿ ಓಡಾಡುತ್ತದೆ. ಇದು ನೆರಳಲ್ಲಿ, ಒದ್ದೆ ನೆಲದ ಮೇಲೆ ಕೂತಿದೆ. ಮೇಲಿಂದ ಗೋಣಿ ಬೇರೆ.

ಡಾಕ್ಟರು ಬಂದರು. ಇವರು ಉಸಿರು ಎಳೆಯುವುದನ್ನು ನೋಡಿ ಮೈಸೂರಿನ ಕ್ಷಯದ ಸ್ಯಾನಟೋರಿಯಂಗೆ ಸೇರಿಸಿ ಎಂದರು. ಮಾವನವರು ಬೇಲಿಯಾಚೆಯಿಂದಲೇ, "ಪ್ರೇಮಕುಮಾರಿ ಲಗ್ನ ಒಂದು ಆಗ್ಲಿ ಡಾಕ್ಟ್ರೇ. ಚನ್ನರಾಯಪಟ್ಟಣದ ಬೀಗರಿಗೆ ಗೊತ್ತಾದ್ರೆ ಹುಡುಗಿ ಮನೇಲೇ ಉಳೀತಾಳೆ" ಎಂದರು. ಮಗಳ ಚಿಂತೆ. ತಪ್ಪೆನ್ನಲಾರೆ.

ಅತ್ತೆ ನನಗೆ: "ಅರಕಲಗೂಡಿಗೆ ಹೋಗಿ ಅಪ್ಪನ ಮನೇಲಿ ಸ್ವಲ್ಪ ದಿನ ಇರೇ." ಹೋಗುವುದಿಲ್ಲ. ಎದುರು ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

೨ ಆಗಸ್ಟ್, ಬುಧವಾರ

ಬರೆಯಲು ಪುರುಸೊತ್ತಾಗಲಿಲ್ಲ. ಹೇಮಾವತಿ ಉಕ್ಕಿ ತೋಟಕ್ಕೆ ನುಗ್ಗಿತ್ತು. ಬೇರೆ ದಾರಿಯಿಲ್ಲದೆ ಇವರನ್ನು ಊರ ಮನೆಯ ಮಹಡಿಗೆ ಕರೆತಂದರು. ಮಹಡಿಯ ಕೋಣೆ, ಮುಚ್ಚಿದ ಕಿಟಕಿ, ಗಾಳಿಯೇ ಇಲ್ಲ. ಕೆಮ್ಮು ಹೆಚ್ಚಬೇಕಿತ್ತಲ್ಲ?

ಇಳಿಯಿತು. ಮೂರನೆಯ ದಿನ ಮಗುವಿನ ಹಾಗೆ ನಿದ್ದೆ. "ಹರಕೆ ಫಲ" ಎಂದು ಅತ್ತೆ ಹಣೆಗೆ ವಿಭೂತಿ ಇಟ್ಟರು.

ನೀರು ಇಳಿಯಿತು. ನಿನ್ನೆ ಬೆಳಿಗ್ಗೆ ಮತ್ತೆ ತೋಟಕ್ಕೆ. ಈಸಿಚೇರಿನಲ್ಲಿ ಒರಗಿದರು. ಸಂಜೆಯೊಳಗೆ ಎದೆ ಸಿಳ್ಳೆ ಹಾಕತೊಡಗಿತು.

ತಲೆಯಲ್ಲಿ ಒಂದೇ ಸಮ ಏನೋ ಕೊರೆಯುತ್ತಿದೆ. ಒರೆಸಿದಾಗಲೆಲ್ಲ ನನಗೂ ಸೀನು, ಕಣ್ಣುರಿ. ಆ ಧೂಳಿನಲ್ಲಿ ಮೂಗಿಟ್ಟು ದಿನವೆಲ್ಲ ಮಲಗಿದವರಿಗೆ?

೫ ಆಗಸ್ಟ್

ಹೇಳಿಯೇಬಿಟ್ಟೆ. ಹತ್ತಿರ ಹೋಗಿ ಹೇಳಿದೆ.

"ಕುರ್ಚಿಗೂ ಕೆಮ್ಮಿಗೂ ಏನೇ ಸಂಬಂಧ?"

"ಗೊತ್ತಿಲ್ಲ. ಅದನ್ನ ಬಿಟ್ಟು ಎದ್ದು ಬನ್ನಿ. ಕೆಲವು ದಿನ ಅಷ್ಟೇ."

ಎದ್ದರು. ಬಿಸಿಲು ಬೀಳುವ ಕಡೆ ಹಗ್ಗದ ಮಂಚ ಹಾಕಿಸಿದೆ. ಹೊಸ ಚಾಪೆ. ಧೂಳು ತಾಗದ ಹಾಗೆ ಇವರನ್ನು ಗಾಳಿ ಬೀಸಿ ಬರುವ ಕಡೆ ಕೂರಿಸಿ ಕುರ್ಚಿಯನ್ನು ದೂರಕ್ಕೆ ಎಳೆಸಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಈ ಸಲ ಒಣ ಬಟ್ಟೆಯಲ್ಲಿ ಒರೆಸಲಿಲ್ಲ, ಮೊದಲು ಒದ್ದೆ ಮಾಡಿದೆ, ಧೂಳು ಏಳಲಿಲ್ಲ. ಬಿಸಿನೀರಿಗೆ ವಾಷಿಂಗ್ ಸೋಡಾ. ತೆಂಗಿನ ನಾರಿನಿಂದ ಮರದ ಎಳೆಯ ಉದ್ದಕ್ಕೆ ಉಜ್ಜಿದೆ. ಸಂದಿಗೆ ಬೇವಿನಕಡ್ಡಿ. ಕಪ್ಪು ನೀರು ಇಳಿಯಿತು. ತೊಳೆದು, ಮತ್ತೆ ತೊಳೆದು, ನಿಲ್ಲಿಸಿ ಬಿಸಿಲಿಗೆ. ಬೆರಳೆಲ್ಲ ಸುಲಿದಿದೆ.

ಅತ್ತೆ ನೋಡಿದರು. "ಕುರ್ಚಿ ತೊಳೆದ್ರೆ ಕ್ಷಯ ಹೋಗುತ್ತೇನೇ?" ಅಳುತ್ತಿದ್ದರು.

೧೪ ಆಗಸ್ಟ್, ಸೋಮವಾರ

ಮರ ಒಣಗಿತು. ಬಡಗಿಯ ಕಡೆಯಿಂದ ತರಿಸಿದ ಅಗಸೆ ಎಣ್ಣೆ ತೆಳ್ಳಗೆ ಸವರಿ, ಮೇಲೆ ಉಳಿದದ್ದನ್ನು ಒರೆಸಿ ತೆಗೆದೆ. ಕಾಲುಗಳ ಕೆಳಗೆ ಕಲ್ಲು. ಮಾವಿನ ಮರದಿಂದ ಆಚೆ, ಗಾಳಿಗೆ. ಮಳೆ ಬಂದರೆ ಜಗಲಿಗೆ. ಗೋಣಿ ಬೇಡವೇ ಬೇಡ. ಹೊಸ ಬೂಷ್ಟು ಇಲ್ಲ.

ಇವರ ಎದೆಯ ಸಿಳ್ಳೆ ನಿಂತಿದೆ. ನಿನ್ನೆ ಬಾವಿಯವರೆಗೆ ನಡೆದರು.

ಇವತ್ತು ಮಾವನವರು ಬಂದು, ಸ್ಯಾನಟೋರಿಯಂನಲ್ಲಿ ಜಾಗ ಸಿಕ್ಕಿದೆ, ಗುಟ್ಟಾಗಿ ಸೇರಿಸಿಬಿಡೋಣ ಎಂದರು. ಮದುವೆಯಾಗಿ ಬಂದ ಮೇಲೆ ಅವರೆದುರು ಬಾಯಿ ತೆರೆದವಳಲ್ಲ. ಬೇಲಿಯ ಹತ್ತಿರ ಹೋದೆ.

"ಮಾವಯ್ಯಾ, ಮೊದಲು ಎಕ್ಸ್‌ರೇ ತೆಗೆಸಿ. ಕ್ಷಯ ಅಂದ್ರೆ ನಾನೇ ಸೇರಿಸ್ತೀನಿ. ಅಲ್ಲದೇ ಇದ್ದೋರನ್ನ ಆ ಕಾಯಿಲೆಯವರ ಮಧ್ಯೆ ಮಲಗಿಸಬೇಡಿ."

ಅತ್ತೆ "ನೀಲಾ!" ಎಂದರು. ಮಾವನವರು ಮಗನ ಕಡೆಯಿಂದ ನನ್ನ ಕಡೆ ತಿರುಗಿದರು.

"ಜೊತೆಗೆ ಯಾರು ಹೋಗ್ತಾರೆ?"

"ನಾನು."

೨೪ ಆಗಸ್ಟ್, ಮೈಸೂರು ಸ್ಟೇಷನ್, ಬೆಳಿಗ್ಗೆ

ಕ್ಷಯ ಅಲ್ಲ! ಕ್ಷಯ ಅಲ್ಲ. ನಿನ್ನೆ ದೊಡ್ಡ ಡಾಕ್ಟರು ಎಕ್ಸ್‌ರೇ ಫಿಲಂ ಬೆಳಕಿಗೆ ಹಿಡಿದು, ಶ್ವಾಸಕೋಶ ಚೊಕ್ಕಟವಾಗಿದೆ, ಇದು ಉಬ್ಬಸ, ಬೂಷ್ಟಿನ ಧೂಳು ಕೆಲವರಿಗೆ ಹೀಗೆ ಮಾಡುತ್ತದೆ ಎಂದರು. ಶೀತ, ಧೂಳು ಜೋಪಾನ, ಮನೆಗೆ ಹೋಗಿ ಎಂದರು.

ನನಗೆ ಹಾರಿ ಹೋಗಿ ಅತ್ತೆಗೆ ಹೇಳುವ ಆಸೆ. ಇವರು ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಅಪ್ಪ ದಿನಾ ಬರೋರು. ಒಂದು ದಿನಾನೂ ಬೇಲಿ ದಾಟಲಿಲ್ಲ ಕಣೆ. ಆ ಮನೆಗೆ ಈಗ ಹೇಗೆ ಹೋಗಲಿ?"

"ಅವರಿಗೂ ಭಯ ಇತ್ತು."

"ನಿನಗಿರಲಿಲ್ವಾ?"

ಇತ್ತು. ಇದ್ದದ್ದಕ್ಕೇ ಕೈ ನಿಲ್ಲಲಿಲ್ಲ. ಕೈ ಹಿಡಿದು ಇವರನ್ನು ಎಬ್ಬಿಸಿದೆ.

ಹಾಸನದಲ್ಲಿ ಇವರ ಸ್ನೇಹಿತರಾದ ದೇವಯ್ಯನವರ ಜವಳಿ ಅಂಗಡಿಯಿದೆ. ಬಾ ಎಂದು ಎಂದಿನಿಂದಲೋ ಕರೆಯುತ್ತಿದ್ದಾರೆ. ಬೇರೆ ಮನೆ ಮಾಡೋಣವಾ ಅಂತ ಇವರು ಕೇಳುತ್ತಾರೆ. ಊರಲ್ಲಿ ಅತ್ತೆ ಬಾಗಿಲಲ್ಲೇ ನಿಂತಿರುತ್ತಾರೆ, ಗೊತ್ತು. ಸಿಟ್ಟು ಮಾವನವರ ಮೇಲೆ ನನಗೂ ಇದೆ. ಬಿಟ್ಟು ಹೋಗುವಷ್ಟು ಇದೆಯೇ? ಇಲ್ಲಿಗೆ ಬಂದಾಗಿನಿಂದ ಪ್ಲಾಟ್‌ಫಾರಂ ಉದ್ದಕ್ಕೂ ನಡೆದೆ. ಈ ಗಾಡಿ ಎರಡೂ ಕಡೆ ನಿಲ್ಲುತ್ತದೆ, ಮೊದಲು ನಮ್ಮ ಊರು, ಆಮೇಲೆ ಹಾಸನ.

ಮೊದಲು ಊರಲ್ಲಿ ಇಳಿಯಬೇಕು. ಮಾವನವರೇ ಬಾಗಿಲ ಹೊರಗೆ ಬಂದು ಮಗನ ಕೈ ಹಿಡಿಯಲಿ. ಹಿಡಿದರೆ ಸರಿ. ಹಿಡಿಯದಿದ್ದರೆ ಮಾರನೆಯ ದಿನ ಇವರನ್ನು ಹಾಸನದ ಗಾಡಿ ಹತ್ತಿಸುವವಳು ನಾನೇ.

ಇವರು ಟಿಕೆಟ್ ಕಿಟಕಿಯ ಮುಂದೆ ತಲುಪಿದರು. ತಿರುಗಿ ನೋಡುತ್ತಿದ್ದಾರೆ. "ನೀಲಾ, ಯಾವ ಊರಿಗೆ ತಗೊಳ್ಳಲೇ?" ಎಲ್ಲರೂ ಕೇಳುವ ಹಾಗೆ ಕೂಗುತ್ತಿದ್ದಾರೆ, ನಾಚಿಕೆಯಿಲ್ಲದೆ. ಇಷ್ಟು ಜೋರಾಗಿ ಕೂಗಿಯೂ ಕೆಮ್ಮು ಬರಲಿಲ್ಲ.