ಹೆಬ್ಬಾತಿನ ಎರಡನೇ ಚರಣ

ಬರ್ನ್ಲಿ,
ಭಾನುವಾರ, 12 ಅಕ್ಟೋಬರ್ 1958

ನನ್ನ ಮುದ್ದು ಅಮ್ಮನಿಗೆ,

ನಿನ್ನ ಲೆಟ್ಟಿ ಬರೆಯುತ್ತಿದ್ದೇನೆ. ಮೊಣಕಾಲು ಹೇಗಿದೆ? ಮೊರೆಕ್ಯಾಂಬಿನ ಸಮುದ್ರದ ಗಾಳಿ ಬೇರೆ ಯಾರದಾದರೂ ಮೊಣಕಾಲು ಹುಡುಕಿಕೊಂಡು ಹೋಗಿರಲಿ ಎಂದು ಹಾರೈಸುತ್ತೇನೆ. ಉಣ್ಣೆಯ ಪಟ್ಟಿ ಕಟ್ಟಿಕೊಂಡೇ ಇದನ್ನು ಓದು, ಯಾಕೆಂದರೆ ಕಾಗದ ಉದ್ದವಿದೆ.

ಮೊದಲು ಒಂದು ಸುಳ್ಳು ಒಪ್ಪಿಕೊಳ್ಳಬೇಕು. ಹೋದ ತಿಂಗಳು ನಮ್ಮ ಜುಬಿಲಿ ಮ್ಯೂಸಿಕ್ ಹಾಲನ್ನು ಕೆಡವುತ್ತಾರೆಂದೂ, ಈ ಇಪ್ಪತ್ತೈದನೇ ತಾರೀಕಿನ ಶನಿವಾರ ಅಲ್ಲಿ ಕಡೆಯ ಆಟವೆಂದೂ, ನೀನು ಬಂದು ಆ ಕಾಲಕ್ಕೆ ನಿನಗೆ ಹೆಸರು ತಂದ ‘ಹೆಬ್ಬಾತು’ ಹಾಡಲೇಬೇಕೆಂದೂ ಸಮಿತಿಯ ವಿಟಮ್ ಅವರು ನಿನ್ನ ಬಾಗಿಲಿಗೆ ಮೂರು ಸಲ ಬಂದರಲ್ಲ. ಮೂರು ಸಲವೂ ನೀನು ಚಹಾ ಕುಡಿಸಿ ಕಳಿಸಿದೆ. ನನಗೆ ಮಾತ್ರ ಹೇಳಿದೆ: “ಎರಡನೇ ಚರಣ ತಲೆಯಿಂದ ಹಾರಿಹೋಗಿದೆ ಕಣೇ. ಅರ್ಧ ಹಾಡು ಹಾಡಿ ನಗೆಪಾಟಲಾಗೋಕೆ ನಾನು ಎಪ್ಪತ್ತಾರು ವರ್ಷ ಬದುಕಬೇಕಿತ್ತಾ?” ನಾನು ನಿನ್ನಿಷ್ಟ ಎಂದು ಟೋಪಿ ಹಾಕಿಕೊಂಡು ರೈಲು ಹತ್ತಿದೆ. ನಿನ್ನಿಷ್ಟಕ್ಕೆ ಬಿಡಲಿಲ್ಲ ಅಮ್ಮಾ. ಅವತ್ತಿನಿಂದ ಶಾಲೆ ಮುಗಿದ ಮೇಲೆಲ್ಲ ಆ ಚರಣ ಹುಡುಕುತ್ತಾ ಊರೂರು ಅಲೆದಿದ್ದೇನೆ.

ಅಚ್ಚಾದ ಹಾಡಿನ ಹಾಳೆಯಲ್ಲಿ ಅದಿಲ್ಲ. ಮೇಲೆ ನಿನ್ನ ಚಿತ್ರ, ಒಳಗೆ ಮೊದಲನೇ ಚರಣ, ಮೂರನೇ ಚರಣ, ನಡುವೆ ಬರೀ ಚುಕ್ಕೆ. ಪಲ್ಲವಿ ಮಾತ್ರ ದಪ್ಪಕ್ಷರದಲ್ಲಿದೆ:

ಹೆಬ್ಬಾತು ಹೋಯ್ತಮ್ಮಾ, ಹೆಬ್ಬಾತು ಹೋಯ್ತು,
ಹಬ್ಬದ ಅಡುಗೆ ಹೊಸ್ತಿಲು ದಾಟಿ ನಡ್ಕೊಂಡೇ ಹೋಯ್ತು!

ಬರೆದುಕೊಟ್ಟ ಪರ್ಸಿ ಬ್ಲಾಮೈರ್ ಸತ್ತು ಮೂವತ್ತು ವರ್ಷ. ನೀನು ಪೂರ್ತಿ ಹಕ್ಕು ಕೊಂಡುಕೊಂಡ ಹಾಡಾದ್ದರಿಂದ ಬೇರೆ ಯಾರೂ ಅದನ್ನು ಬಾಯಿಗೆ ತಂದುಕೊಂಡವರಲ್ಲ. ಇನ್ನುಳಿದದ್ದು ಕೇಳಿದವರ ನೆನಪೊಂದೇ.

ನೆಲ್ಸನ್ನಿನಲ್ಲಿ ಬೋಟಿ ಅಂಗಡಿಯ ಬರ್ತಾ ಎಂಬ ಹೆಂಗಸು ಕೈಯಲ್ಲಿದ್ದ ಚಾಕು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಗಿರಾಕಿಗಳ ಎದುರೇ ಎರಡನೇ ಚರಣ ಹಾಡಿಬಿಟ್ಟಳು. ಹೆಬ್ಬಾತು ಮೆಥಡಿಸ್ಟರ ಚಾಪೆಲ್ಲಿಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತಿತಂತೆ. ಪಾದ್ರಿಯ ಉಪದೇಶ ಮುಗಿಯುವ ತನಕ ಎಚ್ಚರವಾಗಿದ್ದದ್ದು ಅದೊಂದೇ ಅಂತೆ. ಸಿಕ್ಕಿತಲ್ಲ ಎಂದು ಹಿಗ್ಗಿ ಬರೆದುಕೊಂಡೆ. ಮರುದಿನ ಬ್ಲ್ಯಾಕ್‌ಬರ್ನಿನಲ್ಲಿ ನಿವೃತ್ತ ಟ್ರಾಮ್ ಕಂಡಕ್ಟರ್ ಒಬ್ಬ ಅದನ್ನು ಕೇಳಿ ಕೆಂಡವಾದ. “ಚಾಪೆಲ್ಲಂತೆ ಚಾಪೆಲ್ಲು! ಯಾವಳ್ರೀ ಹೇಳಿದ್ದು? ಬಾತು ಹತ್ತಿದ್ದು ನಮ್ಮ ಟ್ರಾಮು. ಟಿಕೆಟ್ ಕೇಳಿದ್ದಕ್ಕೆ ಇನ್‌ಸ್ಪೆಕ್ಟರ್ ಮೂಗು ಕಚ್ಚಿತು. ಆ ಇನ್‌ಸ್ಪೆಕ್ಟರ್ ಗ್ಯಾಲರೀಲಿ ನನ್ನ ಪಕ್ಕದಲ್ಲೇ ಕೂತಿದ್ದ, ಮೂಗು ಮುಚ್ಕೊಂಡು!” ಟಾಡ್‌ಮರ್ಡನ್ನಿನಲ್ಲಿ ಇಬ್ಬರು ಮುದಿ ಅಕ್ಕತಂಗಿಯರು, ಬಾತು ಹೋದದ್ದು ಪೊಲೀಸ್ ಠಾಣೆಗೋ ಮೇಯರ್ ಮನೆಗೋ ಎಂದು ನನ್ನೆದುರೇ ಜಗಳವಾಡಿ, ಕಡೆಗೆ ಇಬ್ಬರೂ ಒಟ್ಟಿಗೆ ಪಲ್ಲವಿ ಎತ್ತಿಕೊಂಡು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಕ್ಕ ಎಂದಳು, “ಗಂಡನ್ನ ಮಣ್ಣು ಮಾಡಿದ ಮೂರನೇ ವಾರ ಕಣ್ರೀ, ಟಿಲ್ಲಿ ಕೆನ್ಯನ್ ಹಾಡು ಕೇಳೋಕೆ ಇವಳು ಎಳ್ಕೊಂಡು ಹೋದ್ಲು. ಅವತ್ತು ನಕ್ಕ ಮೇಲೇ ನಂಗೆ ಅನ್ನ ಸೇರಿದ್ದು.”

ಆ ಟಿಲ್ಲಿಯ ಮಗಳು ನಾನೇ ಎಂದು ಅವರಲ್ಲಿ ಯಾರಿಗೂ ಹೇಳಲಿಲ್ಲ. ಊರಿನ ಚರಿತ್ರೆ ಬರೆಯುತ್ತಿದ್ದೇನೆ ಎಂದೆ.

ಐದು ಊರು, ಏಳು ಚರಣ, ಒಂದರಂತೆ ಇನ್ನೊಂದಿಲ್ಲ. ಎಲ್ಲರೂ ತಮ್ಮದೇ ಅಸಲಿ ಎಂದು ಆಣೆ ಮಾಡುವವರೇ. ಮುದುಕರ ನೆನಪೇ ಇಷ್ಟು ಎಂದು ಬೇಸತ್ತು, ಕಡೆಯ ಪ್ರಯತ್ನವೆಂದು ಪ್ಯಾಡಿಹ್ಯಾಮಿಗೆ ಈನಾಕ್ ಸಾಗರ್ ಅವರ ಮನೆಗೆ ಹೋದೆ. ನೆನಪಿದೆಯಾ, ಜುಬಿಲಿಯಲ್ಲಿ ಕಾರ್ನೆಟ್ ಊದುತ್ತಿದ್ದವರು? ಹಲ್ಲೆಲ್ಲ ಬಿದ್ದು ಊದುವುದು ನಿಂತಿದೆ, ಮಾತು ನಿಂತಿಲ್ಲ. ಬಾಗಿಲು ತೆಗೆದವರೇ ನನ್ನ ಗಲ್ಲ ನೋಡಿ, “ಟಿಲ್ಲಿ ಮಗಳಲ್ವಾ? ಇಷ್ಟು ವರ್ಷ ಎಲ್ಲಿ ಸತ್ತಿದ್ಯೇ ತಾಯಿ? ಬಾ ಒಳಗೆ, ಕೆಟಲ್ ಬಿಸಿ ಇದೆ” ಎಂದರು. ನಲವತ್ತು ಜನ ಶಿಕ್ಷಕರನ್ನು ನಡುಗಿಸುವ ಮುಖ್ಯೋಪಾಧ್ಯಾಯಿನಿಯಾದ ನಾನು ಬಾಲ ಮುದುರಿಕೊಂಡು ಒಳಗೆ ಹೋದೆ.

ಅವರ ಅಟ್ಟದಲ್ಲಿ ನಿನ್ನ ಹಾಡಿನ ವಾದ್ಯದ ಹಾಳೆಗಳಿವೆ ಅಮ್ಮಾ, ಒಂದೊಂದು ವಾದ್ಯಕ್ಕೂ ಸ್ವರ ಬರೆದುಕೊಟ್ಟವು. ನೀನು ಊರಿಂದೂರಿಗೆ ಹೊತ್ತು ತಿರುಗಿದ್ದ ಅದೇ ಕಟ್ಟು, ನೀನು ಆಟ ಬಿಟ್ಟ ದಿನ ಜುಬಿಲಿಯಲ್ಲೇ ಬಿಟ್ಟು ಬಂದದ್ದು. ಅದನ್ನು ಮಡಿಲಲ್ಲಿಟ್ಟುಕೊಂಡು ಅವರು ನಿನ್ನ ಸೋಮವಾರಗಳ ಕಥೆ ಹೇಳಿದರು. ಸೋಮವಾರ ಬೆಳಿಗ್ಗೆ ಯಾರು ಮೊದಲು ಬಂದು ರಂಗದ ಅಂಚಿನಲ್ಲಿ ತಮ್ಮ ಹಾಳೆ ಇಡುತ್ತಾರೋ ಅವರಿಗೆ ವಾದ್ಯದವರ ಜೊತೆ ಮೊದಲ ತಾಲೀಮು. ಯಾವ ಊರಾದರೂ ಮೊದಲ ಕಟ್ಟು ನಿನ್ನದೇ ಅಂತೆ. ಉಳಿದವರು ತಮ್ಮ ಸರದಿಗೆ ಕಾದು ಆಕಳಿಸುವ ಹೊತ್ತಿಗೆ ನೀನು ತಾಲೀಮು ಮುಗಿಸಿ, ಬಾಗಿಲು ಕಾಯುವವನ ಹತ್ತಿರ, ಮಾರ್ಕೆಟ್ಟಿನ ಹೆಂಗಸರ ಹತ್ತಿರ ಕೂತು, “ಈ ಊರಲ್ಲಿ ಈ ವಾರ ಯಾರ ಮೂಗು ಆಕಾಶಕ್ಕೇರಿದೆ?” ಎಂದು ಕೇಳುತ್ತಿದ್ದೆಯಂತೆ. ಸಂಜೆಯ ಹೊತ್ತಿಗೆ ಹೆಬ್ಬಾತು ಅವರ ಮನೆಗೆ ಹೊರಟಿರುತ್ತಿತ್ತು. ಒಂದಕ್ಷರ ಬರೆದಿಟ್ಟವಳಲ್ಲ ನೀನು. ಬರೆದದ್ದು ವಾದ್ಯದವರು. ತಮ್ಮ ಹಾಳೆಗಳ ಅಂಚಿನಲ್ಲಿ, ಬಿಯರ್ ಹೇಗಿತ್ತು, ಮಳೆ ಎಷ್ಟು ಬಂತು ಎಂಬುದರ ಪಕ್ಕದಲ್ಲಿ, ನಿನ್ನ ಚರಣಗಳನ್ನು ಪೆನ್ಸಿಲಿನಲ್ಲಿ ಗೀಚಿದ್ದಾರೆ. ಪಿಟೀಲಿನವನು ಕೆಲವು, ಡ್ರಮ್ಮಿನವನು ಕೆಲವು. ಒಂಬತ್ತು ಊರಿನವು ಓದಲು ಬಂದವು. ಬೋಟಿ ಅಂಗಡಿಯ ಬರ್ತಾ ಸುಳ್ಳು ಹೇಳಿರಲಿಲ್ಲ, ಟ್ರಾಮಿನವನೂ ಹೇಳಿರಲಿಲ್ಲ.

“ಪರ್ಸಿ ಬರೆದ, ಪರ್ಸಿ ಬರೆದ ಅಂತಾರೆ ಎಲ್ರೂ,” ಎಂದರು ಈನಾಕ್. “ಪರ್ಸಿ ಬಾತು ಕೊಟ್ಟ, ಅಷ್ಟೇ. ಅದಕ್ಕೆ ಕಾಲು ಕೊಟ್ಟೋಳು ನಿಮ್ಮಮ್ಮ.”

ಅಬ್ಬಾ, ಎಂಥವಳು ನೀನು! ನಾನು ಒಂದು ಪ್ರಬಂಧ ಬರೆಯಲು ಮೂರು ದಿನ ಪೆನ್ನು ಕಚ್ಚುತ್ತೇನೆ. ನೀನು ಪ್ರತಿ ವಾರ ಗೊತ್ತಿಲ್ಲದ ಊರಿಗೆ ಇಳಿದು, ಮಧ್ಯಾಹ್ನದೊಳಗೆ ಆ ಊರಿನ ನಾಡಿ ಹಿಡಿದು, ಪ್ರಾಸ ಕೂಡಿಸಿ, ಸಂಜೆ ಸಾವಿರ ಜನರನ್ನು ಅವರದೇ ದೊಡ್ಡಮನುಷ್ಯರ ಮೇಲೆ ನಗಿಸುತ್ತಿದ್ದೆ. ಅದನ್ನು ಹೊಟ್ಟೆಪಾಡು ಎಂದೆಯೇ ಹೊರತು ವಿದ್ಯೆ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಆಮೇಲೆ ಕಾರ್ನೆಟ್ಟಿನ ಹಾಳೆಯ ಕಡೆಯ ಅಂಚು ಓದಿದೆ. ಬರ್ನ್ಲಿ, 1921. ಬಾತು ಗಿರಣಿ ಮಾಲೀಕರ ಹೊಸ ಸ್ನಾನದ ತೊಟ್ಟಿಗೆ ಇಳಿದು, ಇಲ್ಲಿ ನೀರಿಗಿಂತ ಜಂಬವೇ ಜಾಸ್ತಿ ಎಂದು ಎದ್ದು ಬರುತ್ತದೆ. ಅದರ ಕೆಳಗೆ ಈನಾಕರ ಅಕ್ಷರ: “ಎರಡೇ ರಾತ್ರಿ. ಬುಧವಾರದಿಂದ ಎರಡನೇ ಚರಣ ಬಿಟ್ಟಿದ್ದಾಳೆ.” ಯಾಕೆ ಎಂದು ಕೇಳಿದೆ. ಅವರು ಪೈಪನ್ನು ಬಡಿಯುತ್ತಾ ಕೂತರು. “ನಂಗೂ ಗೊತ್ತಿಲ್ಲ ತಾಯಿ. ಆಮೇಲೆ ಎಲ್ಲೂ ಹಾಡ್ಲಿಲ್ಲ ಅವಳು, ಯಾವ ಊರಲ್ಲೂ. ಮೊದಲನೇದು, ಮೂರನೇದು, ನಮಸ್ಕಾರ. ನಾಲ್ಕು ವರ್ಷ ಹಾಗೇ ಎಳೆದು ಬಿಟ್ಟೇಬಿಟ್ಲು.”

ನನಗೆ ಗೊತ್ತಿತ್ತು. ನನಗೆ ಹದಿಮೂರು ವರ್ಷ, ವಿದ್ಯಾರ್ಥಿವೇತನದ ಮೇಲೆ ದೊಡ್ಡವರ ಶಾಲೆಗೆ ಸೇರಿದ್ದೆ. ಆ ಗಿರಣಿ ಮಾಲೀಕರ ಮಗಳು ಡಾಫ್ನಿ ಮೊದಲ ಸಲ ನನ್ನನ್ನು ಚಹಾಕ್ಕೆ ಕರೆದಿದ್ದಳು. ಮಂಗಳವಾರ ಅವಳು ಅಳುತ್ತಾ ಬಂದು, ನಮ್ಮಪ್ಪನನ್ನು ಆಡಿಕೊಂಡ ಆ ಹೆಂಗಸು ಯಾರು, ನಿನಗೆ ಗೊತ್ತಾ ಎಂದು ಕೇಳಿದಳು. ನಾನು, ಯಾರೋ ಏನೋ, ಗೊತ್ತಿಲ್ಲ ಎಂದೆ ಅಮ್ಮಾ. ಹಾಗಂದದ್ದನ್ನು ಇವತ್ತಿನವರೆಗೆ ನಿನಗೆ ಹೇಳಿರಲಿಲ್ಲ. ಆ ರಾತ್ರಿ ನೀನು ಆಟ ಮುಗಿಸಿ ಮನೆಗೆ ಬಂದ ಕೂಡಲೇ ಆ ಸಿಟ್ಟನ್ನೆಲ್ಲ ನಿನ್ನ ಮೇಲೆ ಸುರಿದೆ. “ನಿನ್ನ ಕುಣಿತಕ್ಕೆ ನನ್ನ ಮಾನ ಯಾಕೆ ಹರಾಜು ಹಾಕ್ತೀಯ? ಇನ್ನೊಂದ್ಸಲ ಊರವರ ಹೆಸರು ಎತ್ತಿದ್ರೆ ನಾನು ನಿನ್ನ ಮಗಳೇ ಅಲ್ಲ” ಎಂದೆ. ನೀನು ಟೋಪಿಯ ಪಿನ್ನು ತೆಗೆಯುತ್ತಿದ್ದೆ. “ಸರಿ ಬಿಡೇ” ಎಂದೆ, ಅಷ್ಟೇ.

ನೀನು ಆ ಒಂದು ಚರಣ ಬಿಟ್ಟೆ ಎಂದುಕೊಂಡಿದ್ದೆ. ನಿನ್ನ ವಿದ್ಯೆಯನ್ನೇ ಬಿಟ್ಟೆ ಎಂದು ಗೊತ್ತಿರಲಿಲ್ಲ. ಈಗ ಐವತ್ತು ದಾಟಿದ ಮಗಳಿಗೆ ನೋವಾಗಬಾರದೆಂದು ನೀನು ‘ಮರೆತುಹೋಯ್ತು’ ಎಂದೆ. ನಿನಗೆ ಮರೆವೆ? ನಾನು ಏಳನೇ ವಯಸ್ಸಿನಲ್ಲಿ ಒಡೆದ ಬಟ್ಟಲಿನ ಬಣ್ಣ ನೆನಪಿರುವವಳಿಗೆ? ನನ್ನನ್ನು ಕ್ಷಮಿಸು ಅಮ್ಮಾ. ಅಪ್ಪನ ಥಾರ್ನ್‌ಬರ್ ಎಂಬ ಹೆಸರಿನ ಹಿಂದೆ ಅಡಗಿ, ದಕ್ಷಿಣದಲ್ಲಿ ಇಪ್ಪತ್ತು ವರ್ಷ ಕಲಿಸಿ, ಮಾತಿನ ಧಾಟಿ ಬದಲಿಸಿಕೊಂಡು ಮರಳಿದ ಮೇಲೂ, ನಮ್ಮಮ್ಮ ಟೋಪಿ ಅಂಗಡಿಯಲ್ಲಿದ್ದರು ಎಂದೇ ಎಲ್ಲರಿಗೂ ಹೇಳಿಕೊಂಡು ಬಂದೆ. ಮೊನ್ನೆ ಶುಕ್ರವಾರ ಬೆಳಗಿನ ಪ್ರಾರ್ಥನೆ ಮುಗಿಸಿ, ಇಡೀ ಶಾಲೆಯ ಎದುರು, ನಾನು ಟಿಲ್ಲಿ ಕೆನ್ಯನ್ ಮಗಳು ಎಂದೆ. ಮಕ್ಕಳಿಗೆ ತಲೆಬುಡ ತಿಳಿಯಲಿಲ್ಲ. ಅಡುಗೆಮನೆಯ ಹೆಂಗಸರು ಮಾತ್ರ ಸೌಟು ಹಿಡಿದುಕೊಂಡೇ ಓಡಿ ಬಂದರು.

ಹಳೆಯ ಚರಣ ಯಾವುದನ್ನೂ ನಿನಗೆ ಕಳಿಸುತ್ತಿಲ್ಲ. ಆ ಪಾದ್ರಿ, ಆ ಇನ್‌ಸ್ಪೆಕ್ಟರ್, ಆ ಗಿರಣಿ ಮಾಲೀಕರು ಎಲ್ಲರೂ ಮಣ್ಣಾಗಿದ್ದಾರೆ, ಹಳಸಿದ್ದನ್ನು ಬಡಿಸುವ ಪೈಕಿ ಅಲ್ಲ ನೀನು. ಅದಕ್ಕೇ ನಿನ್ನೆ ನಾನೇ ಮಾರ್ಕೆಟ್ಟಿಗೆ ಹೋಗಿ, ಈ ಊರಲ್ಲಿ ಈಗ ಯಾರ ಮೂಗು ಆಕಾಶಕ್ಕೇರಿದೆ ಎಂದು ವಿಚಾರಿಸಿ ಬಂದೆ. ಉತ್ತರ ಸಿಕ್ಕಿದೆ. ಇಪ್ಪತ್ತೈದರ ಶನಿವಾರ ಬರುತ್ತೀಯಲ್ಲ? ಬಾ ಅಮ್ಮಾ. ನನಗೋಸ್ಕರ ನಿಲ್ಲಿಸಿದ್ದನ್ನು ನನಗೋಸ್ಕರವೇ ಒಂದು ಸಲ ಹಾಡು.

ನಿನ್ನ ಮಗಳು,
ಲೆಟ್ಟಿ

ಮರೆತಿದ್ದೆ: ಮಾರ್ಕೆಟ್ಟಿನಲ್ಲಿ ಕೇಳಿದಾಗ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಮೀನಿನವಳು ಧೈರ್ಯ ಮಾಡಿದಳು. “ತಪ್ಪು ತಿಳ್ಕೋಬೇಡಿ ಮಿಸ್. ಮೊನ್ನೆ ನನ್ನ ಬೆಲೆಪಟ್ಟೀಲಿ ತಪ್ಪಿದೆ ಅಂತ ನೀವೇ ಸೀಮೆಸುಣ್ಣ ತಗೊಂಡು ತಿದ್ದಿ ಹೋದ್ರಲ್ಲ... ಈ ಊರಲ್ಲಿ ಅಂಥೋರು ಅಂದ್ರೆ ನೀವೇ.” ರಾತ್ರಿಯೆಲ್ಲ ಕೂತು ಮೂರು ಸಾಲು ಹೊಂದಿಸಿದ್ದೇನೆ:

ಬಾತು ಶಾಲೆಗೆ ಹೋಯ್ತು, ಬಾಗಿಲಲಿ ನಿಂತಿದ್ಳು ಮಿಸ್ ಥಾರ್ನ್‌ಬರ್ ಎಂಬಾಕೆ,
“ಬೂಟಿಗೆ ಹೊಳಪಿಲ್ಲ, ಉಗುರಲ್ಲಿ ಮಣ್ಣು, ಒಳಗೆ ಬಂದೆ ಯಾಕೆ?”
ಬಾತು ಕತ್ತನು ಚಾಚಿ ಅವಳನ್ನೆ ನೋಡಿತು, ಕೆಳಗಿಂದ ಮೇಲೆ...

ನಾಲ್ಕನೆಯದು ನನ್ನ ಕೈಲಾಗಲಿಲ್ಲ, ಅದು ನಿನ್ನದು. ಸ್ವಲ್ಪವೂ ಕರುಣೆ ತೋರಿಸಬೇಡ. ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.